ಒಂಬತ್ತನೇ ಕಂತಿನ ಕೈಗಳು

ಭಾವನವರಿಗೆ ನಿಮ್ಮ ನಾದಿನಿಯ ನಮಸ್ಕಾರಗಳು.

ಅಕ್ಕ ನಿಮ್ಮ ಬಳಿಗೆ ವಾಪಸು ಬಂದು ಇವತ್ತಿಗೆ ನಾಲ್ಕು ದಿನ. ನನ್ನ ಮಂಡಿಯ ಆಪರೇಷನ್ ಆಯಿತೆಂದು ಹದಿನೈದು ದಿನ ಇರಲು ಬಂದವಳು ಹತ್ತನೇ ದಿನಕ್ಕೇ ಚೀಲ ಕಟ್ಟಿಕೊಂಡು ಹೊರಟುಬಿಟ್ಟಳು. ಅಕ್ಕತಂಗಿಯರು ಕಿತ್ತಾಡಿಕೊಂಡಿರಬೇಕು ಎಂದು ನೀವು ಅಂದುಕೊಂಡಿರುತ್ತೀರಿ. ಕಿತ್ತಾಡಲಿಲ್ಲ ಭಾವ. ಕಿತ್ತಾಡಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಬಸ್ ಹತ್ತುವ ಮುಂಚೆ ಅವಳು ನನಗೆ ಹೇಳಿದ್ದು ಒಂದೇ ಮಾತು: "ಅವರಿಗೆ ನೀನೇ ಬರಿ. ನನ್ನ ಬಾಯಿಂದ ಹೇಳಲ್ಲ."

ಫೋನಿರುವಾಗ ಕಾಗದ ಯಾಕೆ ಎಂದರೆ, ಫೋನಿನಲ್ಲಿ ನೀವು ಮಾತು ತಿರುಗಿಸಿಬಿಡುತ್ತೀರಿ. ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ "ಊಟ ಆಯ್ತೇನಮ್ಮ" ಅಂದುಬಿಟ್ಟರೆ ನನ್ನ ಧೈರ್ಯ ಅಲ್ಲಿಗೇ ಮುಗಿಯಿತು. ಹಿಂದೆ ಎಷ್ಟೋ ಸಲ ಹಾಗೇ ಆಗಿದೆ. ಕಾಗದದ ಮಾತನ್ನು ನೀವು ನಡುವೆ ತಡೆಯಲಾರಿರಿ. ದಯವಿಟ್ಟು ಕೊನೆಯವರೆಗೂ ಓದಿ.

ನಾನು ನಿಮ್ಮ ಮನೆಗೆ ಬಂದಾಗ ನನಗೆ ಇಪ್ಪತ್ತಮೂರು ವರ್ಷ. ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು ಅಂದಾಗ ಅಪ್ಪ ಅದು ಮದುವೆ ಫೋಟೋ ತೆಗೆಯುವ ಅಂಗಡಿ ಅಂದುಕೊಂಡಿದ್ದರು. ಬೊಂಬೆ ಚಿತ್ರ ಮಾಡುವ ಕಡೆ, ಸಾವಿರಾರು ಹಾಳೆಗಳ ಮೇಲೆ ಒಂದೇ ಮನುಷ್ಯನನ್ನು ಸ್ವಲ್ಪ ಸ್ವಲ್ಪ ಬದಲಾಯಿಸಿ ಬಿಡಿಸುವುದು ಅಂತ ನೀವು ಅವರಿಗೆ ಅರ್ಧ ಗಂಟೆ ಕೂತು ಬಿಡಿಸಿ ಹೇಳಿದಿರಿ. ಆಮೇಲೆ ಅಪ್ಪ ಕೇಳಿದ್ದು: "ಒಂದೇ ಸಲ ಸರಿಯಾಗಿ ಬಿಡಿಸೋಕೆ ಬರಲ್ವಾ ಇವಳಿಗೆ?" ನೀವು ಬಾಯಿಗೆ ಟವೆಲ್ ಒತ್ತಿಕೊಂಡು ಹಿತ್ತಲಿಗೆ ಹೋದಿರಿ.

ನಿಮ್ಮದು ಎರಡೇ ಕೋಣೆಯ ಮನೆ. ಮದುವೆಯಾಗಿ ಮೂರು ವರ್ಷವಾಗಿದ್ದ ಗಂಡ ಹೆಂಡಿರ ನಡುವೆ ನಾನೊಬ್ಬಳು ಹೋಗಿ ಹಾಸಿಗೆ ಬಿಚ್ಚಿದೆ. ನೀವು ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಯಾರೋ ಕಿತ್ತೆಸೆದಿದ್ದ ಕಿಟಕಿಯ ಗಾಜು ತಂದು, ಕೆಳಗೆ ಟ್ಯೂಬ್‌ಲೈಟ್ ಕೂರಿಸಿ, ನನಗೆ ಮನೆಯಲ್ಲೂ ಬಿಡಿಸಲು ಬೆಳಕಿನ ಮೇಜು ಮಾಡಿಕೊಟ್ಟಿರಿ. ಅದರ ಅಂಚು ಕೈ ಕೊಯ್ಯಬಾರದೆಂದು ಎರಡು ಸಂಜೆ ಕೂತು ಉಜ್ಜಿದಿರಿ.

ಕಾಗದ, ಗಾಜು, ಬಟ್ಟೆ, ಏನೇ ಮುಟ್ಟಿದರೂ ನಿಮ್ಮ ಬೆರಳುಗಳು ಅದಕ್ಕೆ ನೋವಾಗದ ಹಾಗೆ ಮುಟ್ಟುತ್ತಿದ್ದವು. ಮೊದಲು ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆ ಮಡಿಸುವ ಕೆಲಸದಲ್ಲಿದ್ದಿರಲ್ಲ, ಅಲ್ಲಿ ಕಲಿತ ಕೈ. ಎಡಗೈಯ ಕಿರುಬೆರಳು ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕು ವಾರೆಯಾಗಿ ಕೂಡಿಕೊಂಡಿದ್ದೂ ಅಲ್ಲಿಯೇ. ಪ್ರೆಸ್ಸು ಮುಚ್ಚಿದ ಮೇಲೆ ಇಸ್ಪೀಟಿನ ಅಡ್ಡೆಯಲ್ಲಿ ಎಲೆ ಹಂಚುವ ಕೆಲಸ ಸಿಕ್ಕಿತು. ಪಕ್ಕದ ಮನೆಯವರು ಮೂಗು ಮುರಿದರೆ ಅಕ್ಕನ ಉತ್ತರ ಸಿದ್ಧವಿರುತ್ತಿತ್ತು. "ಪೋಸ್ಟ್‌ಮ್ಯಾನ್ ಕಾಗದ ಹಂಚಲ್ವೇನ್ರೀ? ಇವರೂ ಹಂಚ್ತಾರೆ. ಅವರು ಬಂದ ಕಾಗದ ಓದಲ್ಲ, ಇವರು ಬಂದ ಎಲೆ ಆಡಲ್ಲ." ನಿಮ್ಮ ಬಗ್ಗೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದ ಕಾಲ ಅದು. ಅದನ್ನು ಇಲ್ಲಿ ಬರೆಯುವಾಗ ನನ್ನ ಕೈ ನಿಲ್ಲುತ್ತಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಸೇರಿ ಎಂಟು ತಿಂಗಳಾದ ಮೇಲೆ ಸ್ಟುಡಿಯೋ "ಕಪ್ಪು ಮೇಜು" ಶುರುಮಾಡಿತು. ಈಗಿನ ಮಕ್ಕಳು ಅಂಥದ್ದನ್ನೆಲ್ಲ ಅನಿಮೆ ಎನ್ನುತ್ತಾರೆ, ಅದಕ್ಕೆ ಅಭಿಮಾನಿ ಸಂಘಗಳಿವೆ. ಆಗ ನಮಗದು ಭಾನುವಾರ ಸಂಜೆ ಐದೂವರೆಯ ಕಾರ್ಟೂನ್, ಅಷ್ಟೇ. ಮಕ್ಕಳ ಕಾರ್ಟೂನಲ್ಲ. ಒಂದು ಬೀದಿಯನ್ನು ಪೂರ್ತಿ ಮುಷ್ಟಿಯಲ್ಲಿ ಹಿಡಿದಿರುವ ಪುಂಡರ ಗುಂಪು, ಆ ಗುಂಪಿನ ಹಿರಿಯ, ಅವನ ಜೂಜಿನ ಮನೆ. ಅಲ್ಲಿ ಬಂದು ಕೂರುವವನು ಒಬ್ಬ ದರ್ಜಿ. ತನ್ನ ಬೀದಿಯನ್ನು ಆಟದಲ್ಲಿ ಗೆದ್ದು ಬಿಡಿಸಿಕೊಳ್ಳುತ್ತೇನೆ ಅನ್ನುವ ಹುಚ್ಚು ಅವನಿಗೆ. ಇಪ್ಪತ್ತಾರು ಕಂತು. ಒಂಬತ್ತನೆಯದರಲ್ಲಿ ಅವನು ಸೋಲಬೇಕು. ಎಲೆ ಹಂಚುವವನು ಅವನ ಬಾಲ್ಯದ ಗೆಳೆಯ, ಹಿರಿಯನ ಅಪ್ಪಣೆಯಂತೆ ಮೋಸ ಮಾಡುತ್ತಾನೆ. ಮೋಸ ದರ್ಜಿಗೆ ಕಾಣಬಾರದು, ನೋಡುವವರಿಗೆ ಕಾಣಬೇಕು. ಮುಖಗಳಿಲ್ಲ, ಮಾತಿಲ್ಲ, ನಲವತ್ತು ಸೆಕೆಂಡು ಬರೀ ಎರಡು ಕೈ.

ನಮ್ಮ ನಿರ್ದೇಶಕರು ಬೈಯುವವರಲ್ಲ. ಚಿತ್ರ ಹಿಡಿಸದಿದ್ದರೆ ಹಾಳೆಯನ್ನು ಮೆಲ್ಲಗೆ ಬೋರಲು ಹಾಕಿ ತಮ್ಮ ಕೋಣೆಗೆ ಹೋಗುತ್ತಿದ್ದರು. ಬೈಸಿಕೊಳ್ಳುವುದೇ ವಾಸಿ. ಅನುಭವವಿದ್ದ ಮೂವರು ಆ ಕೈಗಳನ್ನು ಬಿಡಿಸಿದರು. ಮೂವರದ್ದೂ ಬೋರಲು ಬಿತ್ತು. "ಇವು ಕೈಯಲ್ಲ, ಕೈಗವಸು" ಎಂದರಂತೆ. ನಾಲ್ಕನೆಯವಳು ನಾನು. ನಮ್ಮನೇಲಿ ಎಲೆ ಹಂಚುವವರೇ ಇದ್ದಾರೆ ಎಂದು ಬಾಯಿಬಿಟ್ಟು ನಾನಾಗಿ ಕೆಲಸ ಕೇಳಿ ಪಡೆದೆ.

ಮಧ್ಯಾಹ್ನ ನೀವು ಕೆಲಸಕ್ಕೆ ಹೊರಡುವ ಮುಂಚೆ, ಟ್ರಂಕಿನ ಮೇಲೆ ಟವೆಲ್ ಹಾಸಿ ನನಗಾಗಿ ಎಲೆ ಕಲೆಸಿದಿರಿ, ಕಟ್ ಮಾಡಿದಿರಿ, ಹಂಚಿದಿರಿ. ಎಷ್ಟು ಸಲ ನಿಲ್ಲಿಸಿ ಅಂದರೂ ನಿಲ್ಲಿಸಿದಿರಿ. "ನಾನು ಬೊಂಬೆ ಆಗೋದೆ" ಎಂದು ನಗುತ್ತಿದ್ದಿರಿ. ಆದರೆ ಮೋಸದ ಹಂಚಿಕೆ ತೋರಿಸಿ ಎಂದಾಗ ನಗು ಹೋಯಿತು. "ಅದೆಲ್ಲ ಸಿನಿಮಾದಲ್ಲಿ ಇರುತ್ತಮ್ಮ" ಎಂದು ಎಲೆ ಕಟ್ಟಿಟ್ಟಿರಿ. ನಾನು ಊಹಿಸಿಕೊಂಡು ಬಿಡಿಸಿದೆ. ನಿರ್ದೇಶಕರು ಬೋರಲು ಹಾಕಿದರು. ಮತ್ತೆ ಬಿಡಿಸಿದೆ. ಮತ್ತೆ ಬೋರಲು. ಮೂರನೇ ಸಲ ಆದ ದಿನ ನಾನು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಲ್ಲಿಯ ಸದ್ದಿನಲ್ಲೂ ನಿಮಗೆ ಕೇಳಿಸಿತ್ತು.

ಮಾರನೇ ದಿನ ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ನೀವು ಬಾಗಿಲು ಚಿಲಕ ಹಾಕಿ ಟ್ರಂಕಿನ ಮುಂದೆ ಕೂತಿರಿ. ಆಟೀನ್ ರಾಣಿಯನ್ನು ಕಟ್ಟಿನ ಮೇಲಿಟ್ಟು ತೋರಿಸಿದಿರಿ. ನಾಲ್ಕು ಎಲೆ ಹಂಚಿದಿರಿ. ನಾಲ್ಕರಲ್ಲೂ ರಾಣಿ ಇರಲಿಲ್ಲ. ಕಟ್ಟಿನ ಮೇಲಿನ ಎಲೆ ತಿರುಗಿಸಿದರೆ ಅವಳು ಇನ್ನೂ ಮೇಲೇ ಕೂತಿದ್ದಳು. ಎಡಗೈಯ ಹೆಬ್ಬೆರಳು ಮೇಲಿನ ಎಲೆಯನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸೆಳೆಯುತ್ತಿತ್ತು, ಆ ಸಂದಿಯಲ್ಲಿ ಎರಡನೆಯ ಎಲೆ ಜಾರಿ ಹೋಗುತ್ತಿತ್ತು, ವಾರೆ ಕಿರುಬೆರಳು ಕೆಳಗಿನಿಂದ ಕಟ್ಟನ್ನು ಎತ್ತಿ ಹಿಡಿದು ಅಲುಗಾಟವನ್ನೆಲ್ಲ ನುಂಗುತ್ತಿತ್ತು.

"ಇದರಲ್ಲಿ ಕೈಚಳಕ ಕಮ್ಮಿ, ಭಂಡ ಧೈರ್ಯ ಜಾಸ್ತಿ," ಅಂದಿರಿ. "ದೊಡ್ಡವರು ಕಣ್ಸನ್ನೆ ಮಾಡಿದಾಗ ಮಾಡ್ಬೇಕು. ಮಾಡಲ್ಲ ಅನ್ನೋ ಹಾಗಿಲ್ಲ. ನಿಮ್ಮಕ್ಕನಿಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಅಡ್ಡೆಯ ಯಜಮಾನನನ್ನು ಎಲ್ಲರೂ ದೊಡ್ಡವರು ಎಂದೇ ಕರೆಯುತ್ತಿದ್ದದ್ದು. ಹೆಸರು ನನಗೆ ಇವತ್ತಿಗೂ ತಿಳಿಯದು.

ಆಮೇಲೆ ನೀವು ಹೇಳಿದ್ದು ಅಕ್ಷರಕ್ಕೆ ಅಕ್ಷರ ನೆನಪಿದೆ. "ಹೇಗಿರುತ್ತೆ ಅಂತ ನಿನ್ನ ಕಣ್ಣಿಗೆ ಗೊತ್ತಿರ್ಲಿ ಅಂತ ತೋರಿಸ್ದೆ. ಇದನ್ನ ಬಿಡಿಸಬೇಡಮ್ಮ. ಮೋಸ ಮಾಡೋರು ನೂರು ಜನ ಇದಾರೆ, ಹೀಗೆ ಮಾಡೋನು ನಾನೊಬ್ಬನೇ. ನೀನು ಬೇರೆ ಏನಾದ್ರೂ ಕಟ್ಟಿ ಬಿಡಿಸು."

ನಾನು ಸರಿ ಭಾವ ಅಂದೆ.

ಸರಿ ಅಂದ ಬಾಯಿ ನನ್ನದು, ಬಿಡಿಸಿದ ಕೈಯೂ ನನ್ನದೇ. ಮೊದಲು ಮಾತಿಗೆ ತಪ್ಪಬೇಕೆಂದು ಇರಲಿಲ್ಲ. ಹೊಸದೊಂದು ಉಪಾಯ ಕಟ್ಟಲು ನಾಲ್ಕು ದಿನ ಒದ್ದಾಡಿದೆ. ಕಟ್ಟಿದ್ದೆಲ್ಲ ಮತ್ತೆ ಕೈಗವಸೇ. ಐದನೇ ದಿನ, ಒಂದೇ ಒಂದು ಸಲ ಭಾವ ಮಾಡಿದ ಹಾಗೆ ಬಿಡಿಸಿ ನೋಡೋಣ, ಯಾರಿಗೂ ತೋರಿಸುವುದಿಲ್ಲ ಎಂದು ಕೂತೆ. ಹಾಳೆಯ ಮೇಲೆ ಕೈಗೆ ಜೀವ ಬಂತು. ಜೀವ ಬಂದದ್ದನ್ನು ಬಿಡಿಸಿದವರು ಹರಿದು ಹಾಕುವುದಿಲ್ಲ ಭಾವ. ಹರಿದು ಹಾಕಬೇಕಿತ್ತು.

ಉಂಗುರ ಹಾಕಿದೆ. ತೋಳಿಗೆ ಕಪ್ಪು ಕೋಟು ಹಾಕಿದೆ. ಚರ್ಮ ಮುದುಕನದು ಮಾಡಿದೆ. ಕಿರುಬೆರಳನ್ನು ನೆಟ್ಟಗೆ ಮಾಡಿದೆ. ನೆಟ್ಟಗೆ ಮಾಡಿದ ಕೂಡಲೇ ಇಡೀ ಕೈ ಸತ್ತುಹೋಯಿತು, ಕಟ್ಟು ಗಾಳಿಯಲ್ಲಿ ತೇಲಿದ ಹಾಗಾಯಿತು. ಒಂದು ಹಗಲು ಪೂರ್ತಿ ಆ ಬೆರಳನ್ನು ಅಳಿಸುತ್ತಾ ತಿದ್ದುತ್ತಾ ಕೂತೆ. ಸಂಜೆ ಆರಕ್ಕೆ ಅದನ್ನು ವಾರೆಯಾಗಿಯೇ ಬಿಟ್ಟೆ. ನಾನು ಮರೆತು ಬಿಟ್ಟದ್ದಲ್ಲ, ಆತುರದಲ್ಲಿ ಬಿಟ್ಟದ್ದಲ್ಲ. ಗೊತ್ತಿದ್ದೇ ಬಿಟ್ಟೆ. ಒಂದು ಬೆರಳು ಯಾರು ನೋಡುತ್ತಾರೆ ಎಂದುಕೊಂಡೆ. ನಿಮ್ಮ ಅಡ್ಡೆಯವರು ನೋಡುತ್ತಾರೆಂದೂ ನನಗೆ ಗೊತ್ತಿತ್ತು. ನೀವೇ ಊಟದ ಹೊತ್ತಿಗೆ ಹೇಳಿ ನಗಿಸುತ್ತಿದ್ದಿರಿ: ಭಾನುವಾರ ಐದೂವರೆಗೆ ಆಟ ನಿಲ್ಲಿಸಿ ದೊಡ್ಡವರು ಟೀವಿ ಹಾಕಿಸುತ್ತಾರೆ, ಆ ಹಿರಿಯನ ಪಾತ್ರ ತಮ್ಮನ್ನೇ ನೋಡಿ ಮಾಡಿದ್ದು ಅಂತ ಅವರಿಗೆ ಒಳಗೊಳಗೇ ಖುಷಿ, ಮೊನ್ನೆ ಅದೇ ಥರದ ಉದ್ದ ಕೋಟು ಹೊಲಿಸಿಕೊಂಡು ಸೆಕೆಯಲ್ಲಿ ಬೆವರುತ್ತಾ ಕೂತಿದ್ದರು ಅಂತ. ಇಷ್ಟೆಲ್ಲ ಹೇಳುವ ನೀವು, ಆ ಕಾರ್ಟೂನಿನಲ್ಲಿ ನಮ್ಮ ನಾದಿನಿ ಇದ್ದಾಳೆ ಎಂದು ಅಲ್ಲಿ ಒಂದು ಸಲವೂ ಹೇಳಿರಲಿಲ್ಲ. ನನಗೆ ಅದರಿಂದ ಬೇಜಾರಾಗಿತ್ತು. ಹೇಳಿದ್ದರೆ ನಿಮಗೇ ಮರ್ಯಾದೆ ಹೆಚ್ಚುತ್ತಿತ್ತಲ್ಲ ಅಂದುಕೊಂಡಿದ್ದೆ. ಅಂಥವರ ಕಿವಿಗೆ ಮನೆಯ ಹೆಣ್ಣುಮಕ್ಕಳ ಸುದ್ದಿ ಬೀಳಬಾರದು ಎಂಬ ಬುದ್ಧಿ ನಿಮಗಿತ್ತು, ನನಗಿರಲಿಲ್ಲ.

ನಾನೂರ ಎಂಬತ್ತು ಹಾಳೆ. ಏಳು ವಾರ. ನಿರ್ದೇಶಕರು ಎಲ್ಲವನ್ನೂ ಹೆಬ್ಬೆರಳಿನಲ್ಲಿ ಸರಸರನೆ ಬಿಟ್ಟು ನೋಡಿದರು. ಬೋರಲು ಹಾಕಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಯಾರಿದು?" ಎಂದು ಕೇಳಿದರು. ಯಾರೂ ಅಲ್ಲ ಸರ್, ನಾನೇ ಕಟ್ಟಿದ್ದು ಎಂದೆ. ನನ್ನ ಮೊದಲ ಸುಳ್ಳು ಅದು.

ಆ ಭಾನುವಾರ ಸಂಜೆ ಅಡ್ಡೆಯಲ್ಲಿ ನಡೆದದ್ದನ್ನು ನೀವು ಯಾವತ್ತೂ ಹೇಳಲಿಲ್ಲ. ಅಲ್ಲಿ ಚಹಾ ಮಾಡುತ್ತಿದ್ದ ಹೆಂಗಸು ಆರು ವರ್ಷದ ಮೇಲೆ ತರಕಾರಿ ಮಾರುಕಟ್ಟೆಯಲ್ಲಿ ಸಿಕ್ಕಿದಳು. ನಾನು ನಿಮ್ಮ ನಾದಿನಿ ಎಂದು ಅವಳಿಗೆ ಗೊತ್ತಿತ್ತು, ನಾನು ಮಾಡುವ ಕೆಲಸ ಗೊತ್ತಿರಲಿಲ್ಲ. ಬುಟ್ಟಿ ಕೆಳಗಿಟ್ಟು ಎಲ್ಲ ಹೇಳಿದಳು. ಟೀವಿಯ ಮುಂದೆ ಇಪ್ಪತ್ತು ಜನ ಕೂತಿದ್ದರಂತೆ. ನೀವು ಬಾಗಿಲ ಪಕ್ಕ ನಿಂತಿದ್ದಿರಂತೆ. ಕೈಗಳು ಬಂದವು. ದಿನಾ ಬರುತ್ತಿದ್ದ ಡ್ರಿಲ್ ಮೇಷ್ಟರು ನಗಲು ಶುರುಮಾಡಿದರು. "ಅಯ್ಯೋ, ನಮ್ಮೋನ ಕೈ ಕಣ್ರೋ. ಬೆರಳು ನೋಡಿ." ಎಲ್ಲರೂ ನಕ್ಕರು. ನಗುತ್ತಲೇ ಹೆಬ್ಬೆರಳು ಏನು ಮಾಡುತ್ತಿದೆ ಎಂದು ನೋಡಿದರು. ಒಬ್ಬೊಬ್ಬರದೇ ನಗು ನಿಂತಿತು. ಇಪ್ಪತ್ತು ಜನ ಟೀವಿ ಬಿಟ್ಟು ನಿಮ್ಮ ಕಡೆ ತಿರುಗಿದರು. ನೀವು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಂತೆ.

ಸೋಮವಾರ ಅಡ್ಡೆ ಖಾಲಿ. ದೊಡ್ಡವರಿಗೆ ಉಳಿದದ್ದು ಒಂದೇ ದಾರಿ, ಮೋಸ ತಮಗೇ ಗೊತ್ತಿರಲಿಲ್ಲ ಎಂದು ತೋರಿಸುವುದು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಆಟಗಾರರನ್ನೆಲ್ಲ ಕರೆಸಿ, ಅವರ ಎದುರಿಗೆ, "ನನ್ನ ಮನೇಲಿ ಕೂತು ನನಗೇ ದ್ರೋಹ ಮಾಡಿದೋನು" ಎಂದು ನಿಮ್ಮನ್ನು ನಿಲ್ಲಿಸಿದರು. ನೀವು, ಮಾಡಿಸಿದ್ದು ನೀವೇ ಅಲ್ವಾ ಎನ್ನಬಹುದಿತ್ತು. ಅನ್ನಲಿಲ್ಲ. ಯಾರಿಗೆ ಕಲಿಸಿದೆ, ಯಾರು ಬಿಡಿಸಿದ್ದು ಎಂದು ಮೂರು ಸಲ ಕೇಳಿದರಂತೆ. ಒಂದೊಂದು ಸಲ ಕೇಳಿದಾಗಲೂ ನೀವು ಸುಮ್ಮನಿದ್ದಿರಿ. ಒಂದೊಂದು ಸಲಕ್ಕೂ ಬಾಗಿಲಿನ ಶಟರ್ ಎತ್ತಿ ನಿಮ್ಮ ಎಡಗೈ ಮೇಲೆ ಇಳಿಸಿದರು. "ಆತ ಕೂಗಲಿಲ್ಲಮ್ಮ," ಅಂದಳು ಆ ಹೆಂಗಸು. "ಕೂಗಿದ್ರೆ ನಮಗಾದ್ರೂ ಸಮಾಧಾನ ಆಗೋದು." ನಾನು ಕೊಂಡ ತರಕಾರಿಯನ್ನು ಅಲ್ಲೇ ಬಿಟ್ಟು ಬಂದೆ.

ಆದರೆ ಅದೆಲ್ಲ ಗೊತ್ತಾಗುವ ಮುಂಚೆಯೇ ನನಗೆ ಗೊತ್ತಿತ್ತು. ಭಾನುವಾರ ಕಂತು ಬಂದಿದೆ, ಮಂಗಳವಾರ ನಿಮ್ಮ ಕೈ ಹೋಗಿದೆ, ಇದಕ್ಕೆ ಪಂಚಾಂಗ ನೋಡಬೇಕಿಲ್ಲ. ಆಸ್ಪತ್ರೆಯ ಆ ಉದ್ದ ಓಣಿಯಲ್ಲಿ, ಹಸಿರು ಬೆಂಚಿನ ಮೇಲೆ, ಮೊಣಕೈವರೆಗೂ ಬಿಳಿ ಕಟ್ಟು ಕಟ್ಟಿಸಿಕೊಂಡು ಕೂತಿದ್ದಿರಿ. ಶಟರ್ ಜಾರಿ ಬಿತ್ತು ಎಂದು ಅಕ್ಕನಿಗೆ ಹೇಳಿಯಾಗಿತ್ತು. ಅವಳು ಔಷಧಿ ತರಲು ಹೋದಳು. ನಾವಿಬ್ಬರೇ ಉಳಿದೆವು. ನೀವು ನನ್ನ ಕಡೆ ನೋಡದೆ, ಎದುರಿನ ಗೋಡೆ ನೋಡುತ್ತಾ ಕೇಳಿದಿರಿ.

"ಆ ಕೈ ಬಿಡಿಸಿದ್ದು ಯಾರಮ್ಮ?"

"ನಾನಲ್ಲ ಭಾವ," ಅಂದೆ. "ನನ್ನದು ಅವರಿಗೆ ಹಿಡಿಸ್ಲಿಲ್ಲ. ಬೇರೆ ಯಾರೋ ಬಿಡಿಸಿದ್ದು."

ಹೌದಾ ಅಂದಿರಿ. ಒಂದು ತಳ್ಳುಗಾಡಿ ಮುಂದಿನಿಂದ ಹೋಯಿತು.

"ಯಾರಾದ್ರೂ ಆಗ್ಲಿ, ಚೆನ್ನಾಗಿ ಬಿಡಿಸಿದಾರೆ."

ಭಾವ, ನೀವು ಆಗ ನನ್ನ ಕೆನ್ನೆಗೆ ಹೊಡೆದಿದ್ದರೆ ನಾನು ಅವತ್ತೇ ಅತ್ತು, ಒಪ್ಪಿಕೊಂಡು, ಬಹುಶಃ ಮನುಷ್ಯಳಾಗುತ್ತಿದ್ದೆ. ನಾನು ಸುಳ್ಳು ಹೇಳುತ್ತಿದ್ದೇನೆಂದು ನಿಮಗೆ ಗೊತ್ತು, ನಿಮಗೆ ಗೊತ್ತೆಂದು ನನಗೆ ಗೊತ್ತು. ಇಬ್ಬರ ನಡುವೆ ಅದನ್ನು ಇಟ್ಟುಕೊಂಡೇ ಮೂವತ್ತೊಂದು ವರ್ಷ ಒಬ್ಬರಿಗೊಬ್ಬರು ಚಹಾ ಕೊಟ್ಟೆವು, ಜ್ವರ ಬಂದಾಗ ವಿಚಾರಿಸಿಕೊಂಡೆವು.

ಮೂರೇ ತಿಂಗಳಿಗೆ ನಾನು ಸ್ಟುಡಿಯೋದ ಹತ್ತಿರ ಬೇರೆ ಕೋಣೆ ಹಿಡಿದೆ. ಓಡಾಟ ಕಷ್ಟ ಎಂದು ನೆಪ ಹೇಳಿದೆ. ನಿಜ ಏನೆಂದರೆ, ಬೆಳಿಗ್ಗೆ ಎದ್ದರೆ ಅಕ್ಕ ನಿಮ್ಮ ಅಂಗಿಯ ಬಲತೋಳಿನ ಗುಂಡಿ ಹಾಕುತ್ತಿರುತ್ತಿದ್ದಳು. ಬಲತೋಳಿನ ಗುಂಡಿ ಹಾಕಲು ಎಡಗೈ ಬೇಕೆಂಬುದು ಅಲ್ಲಿಯವರೆಗೂ ನನಗೆ ಹೊಳೆದೇ ಇರಲಿಲ್ಲ. ಆ ನೋಟ ತಡೆಯಲಾಗದೆ ಓಡಿದೆ. ನೀವು ಒಂದೇ ಕೈಯಲ್ಲಿ ನನ್ನ ಬೆಳಕಿನ ಮೇಜನ್ನು ಎತ್ತಿ ಗಾಡಿಗೆ ಇಟ್ಟು ಕಳಿಸಿಕೊಟ್ಟಿರಿ.

ಆ ನಲವತ್ತು ಸೆಕೆಂಡು ನನ್ನ ಬದುಕನ್ನೇ ಎತ್ತಿತು. ಯಾವ ಚಿತ್ರವಾದರೂ ಕೈ ಬಿಡಿಸಬೇಕೆಂದರೆ ನನ್ನನ್ನೇ ಕರೆಯುತ್ತಿದ್ದರು. ಪಿಟೀಲು ಬಾರಿಸುವ ಕೈ, ಹೆರಿಗೆ ಮಾಡಿಸುವ ಕೈ, ಹಿಟ್ಟು ನಾದುವ ಕೈ. ಯಾರ ಕೈ ಬಿಡಿಸಿದರೂ ಮೊದಲು ಪೆನ್ಸಿಲಿಗೆ ಬರುತ್ತಿದ್ದದ್ದು ನಿಮ್ಮ ಕೈ. ನೀವು ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿದಿರಿ. ಇಪ್ಪತ್ತೆರಡು ವರ್ಷ ಒಂದು ಸ್ಟೂಲಿನ ಮೇಲೆ ಕೂತು ಬಲಗೈಯ ಒಂದು ಬೆರಳಿನಲ್ಲಿ ಗುಂಡಿ ಒತ್ತಿದಿರಿ. "ನಮ್ಮ ವಂಶದಲ್ಲಿ ಇಷ್ಟು ಮೇಲೆ ಹೋದೋನು ನಾನೊಬ್ಬನೇ, ಅದೂ ದಿನಕ್ಕೆ ನೂರು ಸಲ" ಎಂದು ನೀವು ಜೋಕು ಮಾಡಿದಾಗ ಎಲ್ಲರೂ ನಗುತ್ತಿದ್ದರು. ಅಕ್ಕ ಮಾತ್ರ ನಗುತ್ತಿರಲಿಲ್ಲ. ನಾನು ಅದನ್ನು ಗಮನಿಸಿದ್ದೆ. ಇಷ್ಟು ವರ್ಷದಲ್ಲಿ ಕೇಳಿ ಕೇಳಿ ಹಳಸಿರಬೇಕು ಅಂದುಕೊಂಡಿದ್ದೆ.

ಈಗ ಅಕ್ಕ ಇಲ್ಲಿ ಇದ್ದಾಗ ಆದದ್ದಕ್ಕೆ ಬರುತ್ತೇನೆ.

"ಕಪ್ಪು ಮೇಜಿ"ನ ಹಳೆಯ ಹಾಳೆಗಳನ್ನು ಪ್ರದರ್ಶನಕ್ಕಿಡುತ್ತೇವೆ ಎಂದು ಒಂದು ಸಂಗ್ರಹಾಲಯದ ಹೆಣ್ಣುಮಗಳು ಎರಡು ತಿಂಗಳಿಂದ ಫೋನು ಮಾಡುತ್ತಿದ್ದಳು. ನಾನು ಹುಟ್ಟುವ ಮುಂಚಿನ ಕಾರ್ಟೂನು ಮೇಡಂ, ಆ ಕೈಗಳನ್ನ ನೋಡಿಯೇ ನಾನು ಈ ಕೆಲಸಕ್ಕೆ ಬಂದದ್ದು ಎನ್ನುತ್ತಿದ್ದಳು. ಸ್ಟುಡಿಯೋ ಮುಚ್ಚಿದಾಗ ಆ ಹಾಳೆಗಳನ್ನು ನಾನೇ ತಂದಿಟ್ಟುಕೊಂಡಿದ್ದೆ. ಅಕ್ಕ ಬಂದ ಒಂಬತ್ತನೇ ದಿನ, ಕೋಲು ಹಿಡಿದು ಓಡಾಡುವ ಹಾಗಾದ ಮೇಲೆ, ಪೆಟ್ಟಿಗೆ ತೆಗೆದು ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದೆ. ಅಕ್ಕ ಮಧ್ಯಾಹ್ನದ ನಿದ್ದೆಯಲ್ಲಿದ್ದಾಳೆ ಎಂದುಕೊಂಡಿದ್ದೆ. ಕಂತು ಬಂದ ಕಾಲಕ್ಕೆ ನಿಮ್ಮ ಮನೆಯಲ್ಲಿ ಟೀವಿ ಇರಲಿಲ್ಲ, ಆ ಕೈಗಳನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಅವಳು ಬಂದು ನನ್ನ ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಒಂದು ಹಾಳೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಉಂಗುರ ಇತ್ತು, ಕೋಟಿತ್ತು, ಮುದುಕನ ಚರ್ಮ ಇತ್ತು. ಅವಳು ಅದ್ಯಾವುದನ್ನೂ ನೋಡಲಿಲ್ಲ.

"ಇದು ಅವರ ಕೈ," ಅಂದಳು.

ನಾನು ಕೂತುಬಿಟ್ಟೆ. ಅವಳು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡಳು. ನಾನು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಟ್ರಂಕು, ರಾಣಿ, ನಾನು ಕೊಟ್ಟ ಮಾತು, ಬೆರಳು, ಚಹಾದ ಹೆಂಗಸು ಹೇಳಿದ್ದು, ಆಸ್ಪತ್ರೆಯ ಬೆಂಚು. ನೀವು ಮುಚ್ಚಿಟ್ಟ ನಿಮ್ಮ ಗುಟ್ಟನ್ನೂ ಹೇಳಬೇಕಾಯಿತು. ಅದಕ್ಕೆ ನಿಮ್ಮ ಅನುಮತಿ ಇರಲಿಲ್ಲ, ಗೊತ್ತು. ಮುಗಿದ ಮೇಲೆ ಬಹಳ ಹೊತ್ತು ಹಾಳೆಯ ಅಂಚನ್ನು ನೀವುತ್ತಾ ಕೂತಳು. ಆಮೇಲೆ ಅವಳು ಹೇಳಿದ್ದನ್ನು ನಾನು ಊಹಿಸಿರಲಿಲ್ಲ.

"ಶಟರ್ ಬಿತ್ತು ಅಂದ್ರು. ಶಟರ್ ಒಂದ್ಸಲ ಬೀಳುತ್ತೆ. ಮೂರು ಪೆಟ್ಟು ಬಿದ್ದಿದೆ ಅಂತ ಡಾಕ್ಟ್ರು ಅವತ್ತೇ ನನಗೆ ಹೇಳಿದ್ರು."

ಹಾಳೆಯನ್ನು ಮೇಜಿನ ಮೇಲಿಟ್ಟು ಅಂದಳು: "ಕದ್ದಿರಬೇಕು ಅಂದ್ಕೊಂಡೆ ಕಣೇ. ಅಲ್ಲಿ ಏನೋ ಕದ್ದು ಸಿಕ್ಕಿಬಿದ್ರು, ಅದಕ್ಕೇ ಹೊಡೆದ್ರು, ನಾಚಿಕೆಯಿಂದ ನನಗೆ ಸುಳ್ಳು ಹೇಳ್ತಿದಾರೆ ಅಂದ್ಕೊಂಡೆ. ಕೇಳೋಕೆ ಬಾಯಿ ಬರ್ಲಿಲ್ಲ. ಅವತ್ತಿಂದ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಸ್ನಾನಕ್ಕೆ ಹೋದ್ರೂ ತಗೊಂಡು ಹೋಗ್ತೀನಿ. ಅವರು ನೋಡಿದಾರೆ. ಒಂದಿನಾನೂ ಯಾಕೆ ಅಂತ ಕೇಳ್ಲಿಲ್ಲ."

ಭಾವ, ಇಲ್ಲಿ ನಾನು ಎರಡು ದಿನ ಬರೆಯುವುದನ್ನೇ ನಿಲ್ಲಿಸಿದ್ದೆ.

ನಾನು ಬಾಯಿಬಿಡದೆ ಇದ್ದುದಕ್ಕೆ ಇಷ್ಟು ವರ್ಷ ನನ್ನಲ್ಲೊಂದು ಒಳ್ಳೆಯ ಕಾರಣವಿತ್ತು. ನಿಜ ಹೇಳಿದರೆ ಭಾವನ ಗುಟ್ಟು ಬಯಲಾಗುತ್ತದೆ, ಅಕ್ಕನ ಕಣ್ಣಲ್ಲಿ ಅವರು ಮೋಸಗಾರರಾಗುತ್ತಾರೆ, ಅವರಿಗಾಗಿಯೇ ನಾನು ಸುಮ್ಮನಿದ್ದೇನೆ ಎಂದು. ಆ ಕಾರಣವನ್ನು ತಲೆದಿಂಬಿನ ಹಾಗೆ ತಲೆ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ನೀವು ನಿಮ್ಮ ಮನೆಯಲ್ಲೇ ಕಳ್ಳನಾಗಿ ಬದುಕುತ್ತಿದ್ದಿರಿ. ಬೀಗದ ಕೈಯ ಸದ್ದು ದಿನಾ ಕೇಳುತ್ತಾ, ಅಂಗಿಯ ತೋಳನ್ನು ಅದೇ ಹೆಂಡತಿಯ ಕಡೆ ಚಾಚುತ್ತಾ. ಒಂದು ಮಾತು ಹೇಳಿದ್ದರೆ ನಿಮ್ಮ ಮೇಲಿನ ಅಪವಾದ ಹೋಗುತ್ತಿತ್ತು. ಆದರೆ ಆ ಮಾತಿನಲ್ಲಿ ನನ್ನ ಹೆಸರು ಬರುತ್ತಿತ್ತು. ಅದಕ್ಕೇ ತಾನೇ ನೀವು ಹೇಳದೆ ಇದ್ದದ್ದು? ಅಡ್ಡೆಯವರ ಮುಂದೆ ಮೂರು ಸಲ ಸುಮ್ಮನಿದ್ದವರು ಮನೆಯಲ್ಲಿ ಮೂವತ್ತೊಂದು ವರ್ಷ ಸುಮ್ಮನಿದ್ದಿರಿ. ಕೈ ಹೋದದ್ದು ಆ ಪುಂಡರಿಂದ ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಮಿಕ್ಕಿದ್ದು ಹೋದದ್ದು ನನ್ನಿಂದ. ಅದಕ್ಕೆ ಪಾಲುದಾರರಿಲ್ಲ.

ಅಕ್ಕ ಸಂಜೆಯೇ ಬಟ್ಟೆ ಮಡಿಸತೊಡಗಿದಳು. ಇನ್ನೂ ಐದು ದಿನ ಇರ್ತೀನಿ ಅಂದಿದ್ದೆಯಲ್ಲ ಎಂದೆ. "ನಿನ್ನ ಮಂಡಿ ತಾನಾಗೇ ಕೂಡಿಕೊಳ್ಳುತ್ತೆ," ಅಂದಳು. ನನ್ನ ಮೇಲೆ ಕೋಪವೇ ಎಂದು ಕೇಳಿದೆ. "ಕೋಪ ಮಾಡ್ಕೊಳ್ಳೋಕೆ ನಾನು ಯಾರು? ನನ್ನದು ನಾನು ಅವರ ಹತ್ರ ಕೇಳ್ಕೋತೀನಿ. ನಿನ್ನದು ನೀನು ಕೇಳ್ಕೋ." ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ತಲೆ ಮುಟ್ಟಿದಳು. ಅವಳು ಇನ್ನೂ ನಿಮ್ಮ ಹತ್ತಿರ ಮಾತೆತ್ತಿರದಿದ್ದರೆ ಅವಸರ ಮಾಡಬೇಡಿ. ಅವಳಿಗೂ ನನ್ನ ಹಾಗೆಯೇ ನಾಲಿಗೆ ಏಳುತ್ತಿರುವುದಿಲ್ಲ.

ಸಂಗ್ರಹಾಲಯದ ಹೆಣ್ಣುಮಗಳಿಗೆ ನಿನ್ನೆ ಫೋನು ಮಾಡಿದೆ. ಆ ಕೈಗಳನ್ನು ನಾನು ಕಟ್ಟಿದ್ದಲ್ಲ, ಒಬ್ಬರು ನಂಬಿ ತೋರಿಸಿದ್ದನ್ನು ಮಾತು ಮುರಿದು ಬಿಡಿಸಿದ್ದು, ಅವರನ್ನು ಕೇಳದೆ ಒಂದು ಹಾಳೆಯನ್ನೂ ಕೊಡಲಾರೆ ಎಂದೆ. ಅವರು ಯಾರು ಎಂದು ಕೇಳಿದಳು. ಹೇಳಲಿಲ್ಲ. ನಿಮ್ಮನ್ನು ಕೇಳದೆ ಒಂದು ಸಲ ಊರಿಗೆಲ್ಲ ತೋರಿಸಿದ್ದೇ ಸಾಕು. ಕೊಡು ಅಂದರೆ ಕೊಡುತ್ತೇನೆ, ಸುಡು ಅಂದರೆ ಸುಡುತ್ತೇನೆ.

ಬರುವ ಗುರುವಾರ ಹತ್ತೂವರೆಯ ಬಸ್ಸಿಗೆ ನಾನು ಅಲ್ಲಿಗೆ ಬರುತ್ತೇನೆ. ಕಾಗದದಲ್ಲಿ ಒಪ್ಪಿಕೊಳ್ಳುವುದು ಸುಲಭ, ಮುಖ ಕಾಣುವುದಿಲ್ಲ. ಅಕ್ಕನ ಎದುರಿಗೆ, ನಿಮ್ಮ ಎದುರಿಗೆ ನಿಂತು ಆಸ್ಪತ್ರೆಯಲ್ಲಿ ಹೇಳಬೇಕಿದ್ದ ಮಾತನ್ನು ಹೇಳಬೇಕು. ನನ್ನದೊಂದೇ ಬೇಡಿಕೆ. ನೀವು ಯಾವಾಗಲೂ ಜನರನ್ನು ಬೇಗ ಕ್ಷಮಿಸಿಬಿಡುತ್ತೀರಿ. ಅವರು ಬಾಯಿ ತೆರೆಯುವ ಮುಂಚೆಯೇ ಕುರ್ಚಿ ಎಳೆದು ಕೂರಿಸುತ್ತೀರಿ. ಈ ಸಲ ಹಾಗೆ ಮಾಡಬೇಡಿ ಭಾವ. ನಾನು ನಿಂತೇ ಇರುತ್ತೇನೆ. ಮೊದಲು ಬೈಯಿರಿ, ಇಷ್ಟು ವರ್ಷದ್ದೂ ಸೇರಿಸಿ ಬೈಯಿರಿ. ಅದಾದ ಮೇಲೆ ಕೂರು ಅನ್ನುವ ಮನಸ್ಸು ನಿಮಗೆ ಉಳಿದಿದ್ದರೆ ಕೂರುತ್ತೇನೆ.

ಕಿರಿಯಳಾದ ನಾನು ನಿಮ್ಮನ್ನು ಹರಸುವಂತಿಲ್ಲ, ನಿಮ್ಮ ಹರಕೆ ಬೇಡುವ ಮುಖವೂ ನನಗಿಲ್ಲ. ನೀವಿಬ್ಬರೂ ಇನ್ನಾದರೂ ಒಬ್ಬರನ್ನೊಬ್ಬರು ನೆಮ್ಮದಿಯಿಂದ ನೋಡುವಂತಾಗಲಿ.

ಗುರುವಾರಕ್ಕೆ ಕಾಯುತ್ತಿರುವ,
ನಿಮ್ಮ ನಾದಿನಿ